ಕರಾವಳಿಯ ಮರದ ಬೇಲಿ: ಮಳೆ ಮತ್ತು ಉಪ್ಪುಗಾಳಿಯಿಂದ ರಕ್ಷಣೆ

ಕರಾವಳಿಯ ರೈತನಿಗೆ ಬೇಲಿಯ ಅಗತ್ಯ ಹೆಚ್ಚಾಗಿ ಬೀಳುವುದು ಮಳೆಗಾಲದಲ್ಲಿ. ಏಣೆಲು ಬೆಳೆಯ ನೇಜಿ ನೆಟ್ಟು ಗದ್ದೆ ಹಸಿರಾದೊಡನೆ ದನಗಳ ಕಣ್ಣು ಅದರ ಮೇಲೆ ಬೀಳುತ್ತದೆ. ಬೇಲಿ ಮುರಿದು ಬೀಳುವುದೂ ಅದೇ ಕಾಲದಲ್ಲಿಯೇ. ಬೇಸಿಗೆಯಲ್ಲಿ ಗಟ್ಟಿಯಾಗಿ ಕಂಡ ಗೂಟ ಆಷಾಢದ ಗಾಳಿಗೆ ನೆಲಮಟ್ಟದಲ್ಲಿ ಮುರಿದು ಮಲಗುತ್ತದೆ. ಕಿತ್ತು ನೋಡಿದರೆ ಮೇಲ್ಭಾಗ ಗಟ್ಟಿಯಾಗಿಯೇ ಇರುತ್ತದೆ. ಮಣ್ಣಿನ ಆಳದ ತುದಿಯೂ ಸುಮಾರಾಗಿ ಉಳಿದಿರುತ್ತದೆ. ನಡುವಿನ ಒಂದು ಗೇಣು ಮಾತ್ರ ಮೆತ್ತಗಾಗಿ ಬೆರಳಿಗೆ ಪುಡಿಯಾಗುತ್ತದೆ. ಆ ಒಂದು ಗೇಣಿಗಾಗಿ ಇಡೀ ಗೂಟವನ್ನೂ, ನೆಟ್ಟ ಕೂಲಿಯನ್ನೂ ಕಳೆದುಕೊಳ್ಳಬೇಕಾಗುತ್ತದೆ.

ಬೇಲಿಗೆ ಬಣ್ಣ ಬಳಿಯುವುದು ಅಂದಕ್ಕೆ ಮಾತ್ರ ಎಂಬ ಭಾವನೆ ಅನೇಕರಲ್ಲಿದೆ. ಇನ್ನು ಕೆಲವರು ಏನಾದರೊಂದು ಎಣ್ಣೆ ಬಳಿದರೆ ಸಾಕೆಂದು ತಿಳಿಯುತ್ತಾರೆ. ಈ ಎರಡೂ ಸರಿಯಲ್ಲ. ಮರ ಎಲ್ಲಿ, ಏಕೆ ಹಾಳಾಗುತ್ತದೆ ಎಂಬುದನ್ನು ತಿಳಿದು ಆಯಾ ಭಾಗಕ್ಕೆ ತಕ್ಕ ಉಪಚಾರ ಮಾಡಿದಲ್ಲಿ ಬೇಲಿಯ ಆಯುಷ್ಯವನ್ನು ಹೆಚ್ಚಿಸಬಹುದು.

ಮರ ಹಾಳಾಗಲು ಕಾರಣಗಳು

ಮರವನ್ನು ಕೊಳೆಸುವುದು ನೀರಲ್ಲ, ಶಿಲೀಂಧ್ರ. ಅದಕ್ಕೆ ಆಹಾರ ಮರವೇ. ಅದು ಬೆಳೆಯಲು ತೇವ, ಗಾಳಿ ಮತ್ತು ಹದವಾದ ಶಾಖ ಮೂರೂ ಬೇಕು. ಮರದ ತೇವಾಂಶ ಶೇ. 20ಕ್ಕಿಂತ ಕಡಿಮೆ ಇದ್ದರೆ ಶಿಲೀಂಧ್ರ ಬೆಳೆಯಲಾರದು. ಸದಾ ನೀರಿನಲ್ಲಿಯೇ ಮುಳುಗಿರುವ ಮರವೂ ಬೇಗ ಕೊಳೆಯದು. ಕಾರಣ, ಅಲ್ಲಿ ಗಾಳಿಯಿಲ್ಲ. ನೆಲಮಟ್ಟದಲ್ಲಿ ಮಾತ್ರ ತೇವವೂ ಗಾಳಿಯೂ ಒಟ್ಟಿಗೆ ದೊರೆಯುತ್ತವೆ. ಆದ್ದರಿಂದಲೇ ಗೂಟ ಮೊದಲು ಕೊಳೆಯುವುದು ಅಲ್ಲಿ. ಒರಲೆ, ಅಂದರೆ ಗೆದ್ದಲು, ಮರಕ್ಕೆ ಏರುವುದೂ ಅದೇ ಜಾಗದಿಂದ.

ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3000 ಮಿ.ಮೀ.ಗೂ ಮಿಕ್ಕಿ ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿಯುವುದರಿಂದ ಈ ನಾಲ್ಕು ತಿಂಗಳು ಬೇಲಿಯ ಮರ ಒಣಗುವುದೇ ಇಲ್ಲ.

ಉಪ್ಪುಗಾಳಿ ಮರವನ್ನು ನೇರವಾಗಿ ಕೊಳೆಸುವುದಿಲ್ಲ. ಆದರೆ ಉಪ್ಪು ಗಾಳಿಯಲ್ಲಿನ ತೇವವನ್ನು ಎಳೆದು ಹಿಡಿದುಕೊಳ್ಳುತ್ತದೆ, ಬಳಿದ ಬಣ್ಣ ಮರಕ್ಕೆ ಕಚ್ಚದಂತೆ ಮಾಡುತ್ತದೆ, ಕಬ್ಬಿಣದ ಮೊಳೆಯನ್ನು ಬೇಗ ತುಕ್ಕು ಹಿಡಿಸುತ್ತದೆ. ತುಕ್ಕು ಹಿಡಿದ ಮೊಳೆಯ ಸುತ್ತಲಿನ ಮರವೂ ಕಪ್ಪಾಗಿ ಸಡಿಲವಾಗುತ್ತದೆ. ಹೀಗಾಗಿ ಬೇಲಿಗೆ ಸತುವಿನ ಲೇಪನವುಳ್ಳ ಮೊಳೆ, ತಂತಿಗಳನ್ನೇ ಬಳಸಬೇಕು.

ಬಿಸಿಲಿನ ಪಾತ್ರವೂ ಕಡಿಮೆಯೇನಲ್ಲ. ಮರದ ನಾರುಗಳನ್ನು ಬಂಧಿಸಿರುವ ಲಿಗ್ನಿನ್ ಎಂಬ ವಸ್ತುವನ್ನು ಬಿಸಿಲಿನ ಅತಿನೇರಳೆ ಕಿರಣಗಳು ಒಡೆಯುತ್ತವೆ. ಮರ ಬೂದು ಬಣ್ಣಕ್ಕೆ ತಿರುಗಿ, ಮೇಲ್ಮೈ ಒರಟಾಗಿ, ಸಣ್ಣ ಬಿರುಕುಗಳು ಮೂಡುತ್ತವೆ. ಮುಂದಿನ ಮಳೆಯ ನೀರು ಈ ಬಿರುಕುಗಳಿಂದಲೇ ಒಳಗಿಳಿಯುತ್ತದೆ.

ಮರದ ಆಯ್ಕೆ ಮತ್ತು ಒಣಗಿಸುವಿಕೆ

ಯಾವ ಜಾತಿಯ ಮರವಾದರೂ ಹೊರಗಿನ ಬಿಳಿಭಾಗ ಬಾಳಿಕೆ ಬರುವುದಿಲ್ಲ. ಬಾಳುವುದು ಒಳಗಿನ ಕೆಚ್ಚು. ಸಾಗುವಾನಿ, ಕಿರಾಲುಬೋಗಿ, ಜಂಬೆ ಮರಗಳ ಕೆಚ್ಚು ಮಣ್ಣಿನಲ್ಲೂ ಬಹುಕಾಲ ನಿಲ್ಲುತ್ತದೆ. ಆದರೆ ಎಳೆಯ ಸಾಗುವಾನಿಯ ಗಳುವಿನಲ್ಲಿ ಬಿಳಿಭಾಗವೇ ಹೆಚ್ಚು. ಸಾಗುವಾನಿ ಎಂಬ ಹೆಸರನ್ನು ನಂಬಿ ಮೋಸಹೋಗಬಾರದು. ಗಾಳಿಮರ, ನೀಲಗಿರಿಯ ಗಳುಗಳನ್ನು ಉಪಚಾರವಿಲ್ಲದೆ ನೆಡುವುದು ವ್ಯರ್ಥ. ಅಡಿಕೆ ದಬ್ಬೆಯನ್ನು ಅಡ್ಡಪಟ್ಟಿಗೆ ಬಳಸುವಾಗ ಒಳಗಿನ ಮೆತ್ತನೆಯ ಭಾಗವನ್ನು ಪೂರ್ತಿ ಕೆತ್ತಿ ತೆಗೆಯಬೇಕು.

ಹಸಿ ಮರಕ್ಕೆ ಎಣ್ಣೆಯಾಗಲಿ ಬಣ್ಣವಾಗಲಿ ಹಿಡಿಯುವುದಿಲ್ಲ. ಒಳಗೆ ನೀರು ತುಂಬಿರುವಾಗ ಎಣ್ಣೆಗೆ ಜಾಗವೆಲ್ಲಿ? ತೊಗಟೆ ಸುಲಿದು, ನೆಲದಿಂದ ಎತ್ತರದಲ್ಲಿ, ನೆರಳಿನಲ್ಲಿ, ಗಾಳಿಯಾಡುವಂತೆ ಅಡ್ಡ ಉದ್ದ ಜೋಡಿಸಿ ಎರಡು-ಮೂರು ತಿಂಗಳು ಒಣಗಿಸಬೇಕು. ಒಣಗಿದೆಯೇ ಎಂದು ತಿಳಿಯಲು ಒಂದು ತುಂಡನ್ನು ಗುರುತು ಮಾಡಿ ವಾರಕ್ಕೊಮ್ಮೆ ತೂಗಿರಿ. ತೂಕ ಇಳಿಯುವುದು ನಿಂತರೆ ಮರ ಹದಕ್ಕೆ ಬಂದಿದೆ ಎಂದರ್ಥ.

ಗೂಟದ ಬುಡಕ್ಕೆ ಉಪಚಾರ

ಮೇಲೆ ಬಳಿಯುವ ಬಣ್ಣ ಮಣ್ಣಿನೊಳಗಿನ ಭಾಗವನ್ನು ಕಾಪಾಡಲಾರದು. ಬುಡಕ್ಕೆ ಬೇರೆಯೇ ಉಪಚಾರ ಬೇಕು.

ಎಲ್ಲಕ್ಕಿಂತ ಉತ್ತಮವಾದುದು ಒತ್ತಡದಿಂದ ಔಷಧಿ ತುಂಬಿಸಿದ ಗೂಟ. ಇದರ ಹಿಂದಿನ ತತ್ವವನ್ನು ಅಡಿಕೆ ಬೆಳೆಗಾರರು ಸುಲಭವಾಗಿ ಗ್ರಹಿಸಬಲ್ಲರು. ಕೊಳೆರೋಗಕ್ಕೆ ಬೋರ್ಡೋ ದ್ರಾವಣದಲ್ಲಿ ಬಳಸುವ ಮೈಲುತುತ್ತ ಶಿಲೀಂಧ್ರವನ್ನು ತಡೆಯುತ್ತದೆ. ಆದರೆ ಬರಿಯ ಮೈಲುತುತ್ತದ ನೀರನ್ನು ಗೂಟಕ್ಕೆ ಬಳಿದರೆ ನಮ್ಮ ಮಳೆಗೆ ಅದು ತೊಳೆದುಹೋಗುತ್ತದೆ, ಮೊಳೆಯನ್ನೂ ತಿನ್ನುತ್ತದೆ. ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ ಸೊಂಟಿ ಕಾಮೇಶಂ ಅವರು 1933ರಲ್ಲಿ ತಾಮ್ರ ಮತ್ತು ಆರ್ಸೆನಿಕ್ ಲವಣಗಳೊಡನೆ ಕ್ರೋಮಿಯಂ ಲವಣವನ್ನು ಸೇರಿಸಿ ಈ ತೊಂದರೆಯನ್ನು ನಿವಾರಿಸಿದರು. ಕ್ರೋಮಿಯಂ ಉಳಿದೆರಡನ್ನೂ ಮರದ ನಾರಿಗೆ ಬಂಧಿಸಿ ನಿಲ್ಲಿಸುತ್ತದೆ. ಈ ವಿಧಾನ ಜಗತ್ತಿನಾದ್ಯಂತ ಹರಡಿತು. ಆದರೆ ಆರ್ಸೆನಿಕ್ ವಿಷವಾದ್ದರಿಂದ ಅಮೆರಿಕದಲ್ಲಿ 2004ರಿಂದ ಮನೆಬಳಕೆಯ ಮರಕ್ಕೆ ಇದರ ಉಪಯೋಗವನ್ನು ನಿಲ್ಲಿಸಲಾಗಿದೆ. ಆರ್ಸೆನಿಕ್ಕಿನ ಬದಲು ಬೋರಾನ್ ಸೇರಿಸಿದ ಮಿಶ್ರಣವೂ ಬಳಕೆಯಲ್ಲಿದೆ. ಈ ಲವಣಗಳನ್ನು ಮನೆಯಲ್ಲಿ ಕಲಸುವ ಸಾಹಸ ಬೇಡ. ಉಪಚಾರ ಮಾಡಿದ ಗೂಟವನ್ನೇ ಕೊಳ್ಳುವುದು ಲೇಸು.

ಮನೆಯಲ್ಲಿಯೇ ಮಾಡಬಹುದಾದ ಉಪಚಾರಕ್ಕೆ ಕರಾವಳಿಯಲ್ಲಿ ದೊರೆಯುವ ವಸ್ತು ಗೇರುಬೀಜದ ಸಿಪ್ಪೆಯ ಎಣ್ಣೆ. ಮೀನುಗಾರರು ದೋಣಿಯ ಮರಕ್ಕೆ ಇದನ್ನು ಬಳಿಯುವುದನ್ನು ನೋಡಿದವರಿದ್ದಾರೆ. ಎರಡು ಪಾಲು ಎಣ್ಣೆಗೆ ಒಂದು ಪಾಲು ಸೀಮೆಎಣ್ಣೆ ಸೇರಿಸಿ ತೆಳುಮಾಡಿ, ಚೆನ್ನಾಗಿ ಒಣಗಿದ ಗೂಟದ ಬುಡವನ್ನು ಒಂದು ರಾತ್ರಿ ಅದರಲ್ಲಿ ಅದ್ದಿ ನಿಲ್ಲಿಸಬೇಕು. 1.8 ಮೀಟರ್ ಉದ್ದದ ಗೂಟವನ್ನು 60 ಸೆಂ.ಮೀ. ಆಳಕ್ಕೆ ನೆಡುವುದಾದರೆ, ನೆಲದ ಮೇಲಿನ ಒಂದು ಗೇಣನ್ನೂ ಸೇರಿಸಿ ಬುಡದಿಂದ 80 ಸೆಂ.ಮೀ.ವರೆಗೆ ಉಪಚಾರವಾಗಬೇಕು. ಅದ್ದಲು ಸಾಲದ ಭಾಗಕ್ಕೆ ಕುಂಚದಿಂದ ಎರಡು-ಮೂರು ಬಾರಿ ಬಳಿಯಿರಿ. ಈ ಎಣ್ಣೆ ನಿಧಾನವಾಗಿ ಒಣಗುವುದರಿಂದ ನೆಡುವ ಮುನ್ನ ಕೆಲವು ದಿನ ಬಿಡಬೇಕು. ಹಸಿ ಎಣ್ಣೆ ಚರ್ಮಕ್ಕೆ ತಗುಲಿದರೆ ಬೊಕ್ಕೆ ಏಳುತ್ತದೆ. ರಬ್ಬರ್ ಕೈಚೀಲ ಹಾಕಿಕೊಳ್ಳದೆ ಮುಟ್ಟಬಾರದು.

ಗೂಟದ ಬುಡವನ್ನು ಸುಡುವ ಹಳೆಯ ರೂಢಿಯೊಂದೇ ಸಾಲದು. ಇದ್ದಿಲಿನ ಪದರ ತೆಳುವಾದದ್ದು. ಅದರ ಬಿರುಕುಗಳಿಂದ ತೇವ ಒಳಗಿನ ಮರವನ್ನು ಮುಟ್ಟುತ್ತದೆ. ವಾಹನದ ಹಳೆಯ ಎಂಜಿನ್ ಎಣ್ಣೆಯನ್ನು ಬಳಿಯುವ ಅಭ್ಯಾಸವನ್ನೂ ಬಿಡಬೇಕು. ಅದು ಶಿಲೀಂಧ್ರಕ್ಕೆ ಮದ್ದಲ್ಲ. ಅದರಲ್ಲಿನ ಲೋಹಗಳು ಮಳೆನೀರಿನೊಡನೆ ಮಣ್ಣಿಗೂ ಬಾವಿಗೂ ಸೇರುತ್ತವೆ. ಹಿಂದೆ ಒರಲೆಗೆ ಬಳಸುತ್ತಿದ್ದ ಆಲ್ಡ್ರಿನ್, ಕ್ಲೋರ್ಡೇನ್, ಹೆಪ್ಟಾಕ್ಲೋರ್‌ಗಳು ನಮ್ಮ ದೇಶದಲ್ಲಿ ನಿಷಿದ್ಧವಾಗಿವೆ ಎಂಬುದೂ ನೆನಪಿರಲಿ.

ಗುಂಡಿಯ ತಳಕ್ಕೆ ಒಂದು ಗೇಣು ಜಲ್ಲಿ ಹಾಕಿ ಗೂಟ ನಿಲ್ಲಿಸಿರಿ. ಕಾಂಕ್ರೀಟ್ ಹಾಕುವವರು ತಳವನ್ನು ಮುಚ್ಚಬಾರದು. ಮುಚ್ಚಿದರೆ ಅದು ನೀರು ನಿಲ್ಲುವ ಬಟ್ಟಲಾಗುತ್ತದೆ. ಮೇಲ್ಭಾಗದ ಕಾಂಕ್ರೀಟ್ ಅಥವಾ ಮಣ್ಣು ಗೂಟದಿಂದ ಹೊರಕ್ಕೆ ಇಳಿಜಾರಾಗಿರಬೇಕು. ಗೂಟದ ನೆತ್ತಿಯನ್ನೂ ಓರೆಯಾಗಿ ಕತ್ತರಿಸಿರಿ. ಮರ ಪಕ್ಕದಿಂದ ಹೀರುವ ನೀರಿಗಿಂತ ಕತ್ತರಿಸಿದ ತುದಿಯಿಂದ ಹೀರುವ ನೀರು ಎಷ್ಟೋ ಪಾಲು ಹೆಚ್ಚು.

ಮೇಲ್ಭಾಗಕ್ಕೆ ಯಾವುದು ಸೂಕ್ತ?

ಪಾರದರ್ಶಕ ವಾರ್ನಿಷ್ ಬೇಲಿಗೆ ಸಲ್ಲದು. ಬಿಸಿಲು ಅದರ ಮೂಲಕ ಹಾದು ಮರದ ಮೇಲ್ಮೈಯನ್ನು ಸಡಿಲಿಸುತ್ತದೆ. ವಾರ್ನಿಷ್ ಹೊಪ್ಪಳೆಯಾಗಿ ಏಳುತ್ತದೆ. ದಪ್ಪನೆಯ ಎನಾಮೆಲ್ ಬಣ್ಣವೂ ಒಂದೆಡೆ ಬಿರುಕು ಬಿಟ್ಟರೆ ಸಾಕು, ನೀರು ಒಳಸೇರಿ ಹೊರಬರಲಾಗದೆ ಬಣ್ಣದ ಮರೆಯಲ್ಲಿಯೇ ಮರ ಕೊಳೆಯುತ್ತದೆ.

ಬೇಲಿಗೆ ತಕ್ಕದ್ದು ಮರದೊಳಕ್ಕೆ ಇಳಿಯುವ ಬಣ್ಣದೆಣ್ಣೆ. ಅಂಗಡಿಯವರು ಇದನ್ನು ವುಡ್ ಸ್ಟೈನ್ ಎನ್ನುತ್ತಾರೆ. ಹೊರಾಂಗಣಕ್ಕೆಂದು ತಯಾರಿಸಿದ, ಶಿಲೀಂಧ್ರನಾಶಕ ಸೇರಿಸಿದ ಸ್ಟೈನನ್ನೇ ಕೇಳಿ ಪಡೆಯಿರಿ. ಇದು ಸಿಪ್ಪೆಯಂತೆ ಏಳುವುದಿಲ್ಲ, ಕ್ರಮೇಣ ಸವೆಯುತ್ತದೆ; ಮತ್ತೆ ಬಳಿಯುವಾಗ ಕೆರೆಯುವ ಶ್ರಮವಿಲ್ಲ. ಕಡಿಮೆ ಖರ್ಚಿನಲ್ಲಿ ಮಾಡುವವರು ಡಬಲ್ ಬಾಯ್ಲ್ಡ್ ಅಗಸೆ ಎಣ್ಣೆ ಮತ್ತು ಟರ್ಪೆಂಟೈನನ್ನು ಸಮಪಾಲು ಬೆರೆಸಿ, ಲೀಟರಿಗೆ ಸುಮಾರು 100 ಗ್ರಾಂ ರೆಡ್ ಆಕ್ಸೈಡ್ ಪುಡಿ ಕಲಸಬಹುದು. ಬಿಸಿಲನ್ನು ತಡೆಯುವುದು ಈ ಕೆಂಪು ಪುಡಿಯೇ. ಆದರೆ ಅಗಸೆ ಎಣ್ಣೆಗೆ ಶಿಲೀಂಧ್ರವನ್ನು ಕೊಲ್ಲುವ ಗುಣವಿಲ್ಲ; ತೋಟದ ನೆರಳಿನಲ್ಲಿ ಅದರ ಮೇಲೆ ಬೂಸ್ಟು ಬರುತ್ತದೆ. ಆದ್ದರಿಂದ ಈ ಮಿಶ್ರಣ ಬಿಸಿಲು ಬೀಳುವ ಬೇಲಿಗೆ ಮಾತ್ರ. ತೆಂಗಿನೆಣ್ಣೆ ಒಣಗುವ ಜಾತಿಯದಲ್ಲ, ಅದನ್ನು ಬಳಿಯಬಾರದು.

ಬಳಿಯುವ ಕಾಲ ಮತ್ತು ಕ್ರಮ

ಜನವರಿಯಿಂದ ಮಾರ್ಚ್‌ವರೆಗಿನ ಅವಧಿ ಪ್ರಶಸ್ತ. ಮಳೆಯ ಮೋಡ ಕಂಡ ಮೇಲೆ ಮೇ ಕೊನೆಯಲ್ಲಿ ಅವಸರದಿಂದ ಬಳಿದ ಎಣ್ಣೆ ಒಣಗುವ ಮೊದಲೇ ತೊಳೆದುಹೋಗುತ್ತದೆ.

1. ಹಾವಸೆ, ಮಣ್ಣು, ಸಡಿಲ ನಾರುಗಳನ್ನು ಗಡುಸಾದ ಬ್ರಷ್ಷಿನಿಂದ ಉಜ್ಜಿ ತೆಗೆಯಿರಿ.

2. ಸಮುದ್ರದ ಸಮೀಪದ ಬೇಲಿಯನ್ನು ಸಿಹಿನೀರಿನಿಂದ ತೊಳೆದು ಉಪ್ಪು ಹೋಗಲಾಡಿಸಿ, ಎರಡು-ಮೂರು ದಿನ ಬಿಸಿಲಿಗೆ ಒಣಗಲು ಬಿಡಿರಿ.

3. ಮರದ ಮೇಲೆ ನಾಲ್ಕು ಹನಿ ನೀರು ಹಾಕಿ ನೋಡಿರಿ. ಹನಿ ಬೇಗ ಇಂಗಿದರೆ ಮರ ಎಣ್ಣೆಯನ್ನು ಹೀರಲು ಸಿದ್ಧವಿದೆ. ಮಣಿಯಂತೆ ನಿಂತರೆ ಹಿಂದಿನ ಲೇಪ ಇನ್ನೂ ಕೆಲಸ ಮಾಡುತ್ತಿದೆ. ಈ ವರ್ಷ ಬಳಿಯಬೇಕಾಗಿಲ್ಲ.

4. ಬೆಳಗಿನ ಇಬ್ಬನಿ ಆರಿದ ನಂತರ ಆರಂಭಿಸಿ, ಮಧ್ಯಾಹ್ನ ಮೂರು ಗಂಟೆಯ ಒಳಗೆ ಮುಗಿಸಿರಿ. ಕಾದ ಮೇಲ್ಮೈಗೆ ಬಳಿಯದೆ ನೆರಳು ಬಂದ ಬದಿಗೆ ಬಳಿಯುತ್ತ ಹೋಗಬೇಕು.

5. ತುದಿಗಳು, ಮೊಳೆಯ ತೂತುಗಳು, ಕೂಡುವ ಜಾಗಗಳಿಗೆ ಮೊದಲು ಧಾರಾಳವಾಗಿ ಕುಡಿಸಿರಿ. ಹೊಸ ಬೇಲಿಯಾದರೆ ರೀಪುಗಳನ್ನು ಜೋಡಿಸುವ ಮೊದಲೇ ಬಳಿಯುವುದು ಉತ್ತಮ.

6. ಮೊದಲ ಲೇಪ ಒಣಗಿದ ಮೇಲೆ ಎರಡನೆಯದನ್ನು ಕೊಡಿರಿ. ಮರ ಹೀರದೆ ಮೇಲೆ ಉಳಿದ ಎಣ್ಣೆಯನ್ನು ಬಟ್ಟೆಯಿಂದ ಒರೆಸಿರಿ. ಉಳಿದರೆ ಅಂಟಾಗಿ ಧೂಳು ಹಿಡಿಯುತ್ತದೆ.

ಎಷ್ಟು ಎಣ್ಣೆ ಬೇಕು?

10 ಮೀಟರ್ ಉದ್ದ, 1.2 ಮೀಟರ್ ಎತ್ತರದ ಬೇಲಿಯ ವಿಸ್ತೀರ್ಣ 12 ಚದರ ಮೀಟರ್. ರೀಪುಗಳ ನಡುವೆ ಅರ್ಧ ಸಂದು ಬಿಟ್ಟರೆ ಮರದ ಭಾಗ 6 ಚದರ ಮೀಟರ್. ಎರಡೂ ಮುಖ ಸೇರಿ 12. ಅಂಚುಗಳು ಮತ್ತು ಅಡ್ಡಪಟ್ಟಿಗಳಿಗೆ 3 ಸೇರಿಸಿದರೆ ಒಟ್ಟು 15 ಚದರ ಮೀಟರ್. ಒರಟಾದ ಕೊಯ್ದ ಮರಕ್ಕೆ ಮೊದಲ ಲೇಪದಲ್ಲಿ ಲೀಟರಿಗೆ ಸುಮಾರು 5 ಚದರ ಮೀಟರ್, ಎರಡನೆಯದರಲ್ಲಿ ಸುಮಾರು 7.5 ಚದರ ಮೀಟರ್ ಬಳಿಯಬಹುದು. ಅಂದರೆ 3 ಮತ್ತು 2, ಒಟ್ಟು 5 ಲೀಟರ್ ಬೇಕಾಗುತ್ತದೆ.

ಎಚ್ಚರಿಕೆಗಳು

ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ಎಣ್ಣೆ ಒಣಗುವಾಗ ಶಾಖ ಹುಟ್ಟಿ, ಕಿಡಿ ತಗುಲದೆಯೇ ಅದು ಹೊತ್ತಿಕೊಳ್ಳಬಲ್ಲುದು. ಬಟ್ಟೆಯನ್ನು ನೀರಿನಲ್ಲಿ ನೆನೆಸಿಡಬೇಕು ಇಲ್ಲವೇ ಬಯಲಿನಲ್ಲಿ ಬಿಡಿಸಿ ಹರವಬೇಕು.

ಔಷಧಿ ತುಂಬಿಸಿದ ಹಳೆಯ ಗೂಟಗಳನ್ನು ಬಚ್ಚಲೊಲೆಗೆ ಹಾಕುವುದು ಬಹಳ ಅಪಾಯಕರ. ಮರದಲ್ಲಿ ಬಂಧಿತವಾಗಿದ್ದ ಆರ್ಸೆನಿಕ್, ಕ್ರೋಮಿಯಂಗಳು ಹೊಗೆಯಲ್ಲೂ ಬೂದಿಯಲ್ಲೂ ಬರುತ್ತವೆ. ಆ ಬೂದಿಯನ್ನು ದನ ನೆಕ್ಕಿದರೂ, ತರಕಾರಿ ಪಾತಿಗೆ ಹಾಕಿದರೂ, ಪಾತ್ರೆ ಬೆಳಗಿದರೂ ವಿಷವೇ. ಅಂತಹ ಗೂಟವನ್ನು ಕೊಂಡಾಗಲೇ ನೆತ್ತಿಗೆ ಬಣ್ಣದ ಗುರುತು ಮಾಡಿ, ಮನೆಯ ಎಲ್ಲರಿಗೂ ತಿಳಿಸಿಡಿರಿ. ಗೂಟ ಕೊಳೆಯುವ ಹೊತ್ತಿಗೆ ನೆಟ್ಟವರಿಗೇ ಅದು ಮರೆತಿರುತ್ತದೆ.

ಕೊನೆಯ ಮಾತು

ಇಡೀ ಗದ್ದೆಯ ಸುತ್ತ ಈ ಖರ್ಚು ಮಾಡಬೇಕೆಂದು ನಮ್ಮ ಸಲಹೆಯಲ್ಲ. ಉದ್ದನೆಯ ಬೇಲಿಗೆ ಗ್ಲಿರಿಸಿಡಿಯಾ, ಹಾಲುವಾಣದಂತಹ ಜೀವಂತ ಗೂಟಗಳೇ ಮೇಲು. ಅವು ಕೊಳೆಯುವುದಿಲ್ಲ, ಸೊಪ್ಪನ್ನೂ ಕೊಡುತ್ತವೆ. ದಣಪೆ, ತಡಮೆ, ಮನೆಯ ಮುಂದಿನ ಬೇಲಿ, ತರಕಾರಿ ತೋಟದ ಮೂಲೆಗೂಟ ಇಂತಹ ಜಾಗಗಳಿಗೆ ಮಾತ್ರ ಮರವನ್ನು ಬಳಸಿ, ಅದನ್ನು ಚೆನ್ನಾಗಿ ಕಾಪಾಡಿರಿ.

ಪ್ರತಿ ಅಕ್ಟೋಬರಿನಲ್ಲಿ ಮಳೆ ನಿಂತ ಮೇಲೆ ಗೂಟದ ಬುಡದ ಮಣ್ಣನ್ನು ನಾಲ್ಕು ಬೆರಳು ಸರಿಸಿ, ಚಾಕುವಿನ ಮೊನೆಯಿಂದ ಚುಚ್ಚಿ ಪರೀಕ್ಷಿಸಿರಿ. ಮೊನೆ ಸಲೀಸಾಗಿ ಇಳಿದರೆ ಆ ಗೂಟವನ್ನು ಬೇಸಿಗೆಯಲ್ಲಿಯೇ ಬದಲಾಯಿಸಬೇಕು. ಮೇಲ್ಭಾಗಕ್ಕೆ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಮರುಲೇಪ ಬೇಕಾಗುತ್ತದೆ. ಕಡಲಗಾಳಿ ಮಳೆಗಳ ಹೊಡೆತ ತಿನ್ನುವ ಪಡುವಣ ಮುಖಕ್ಕೆ ಇನ್ನೂ ಬೇಗ ಬೇಕಾದೀತು. ಮಾಘದ ಬಿಸಿಲಿನಲ್ಲಿ ಬೇಲಿಗಾಗಿ ಕಳೆದ ಎರಡು ದಿನ ಆಷಾಢದ ರಾತ್ರಿ ನೇಜಿಯನ್ನು ಉಳಿಸುತ್ತದೆ.