ಲಾರಿಯ ಹಳೆ ಆಯಿಲ್: ಚರ್ಮಕ್ಕೆ ಅಂಟದಿರಲಿ

ಯಶವಂತಪುರದ ಟ್ರಕ್ ಟರ್ಮಿನಲ್, ತುಮಕೂರು ರಸ್ತೆ, ಪೀಣ್ಯ ಈ ಭಾಗದಲ್ಲಿ ಲಾರಿ ರಿಪೇರಿಯನ್ನೇ ನಂಬಿ ಬದುಕುವ ಕುಟುಂಬಗಳು ಬಹಳ. ಗ್ಯಾರೇಜಿನಲ್ಲಿ ಕೆಲಸ ಮಾಡುವವರ ಕೈ ನೋಡಿದರೆ ಸಾಕು, ಕಸುಬು ಗೊತ್ತಾಗುತ್ತದೆ. ಉಗುರಿನ ಅಂಚು, ಬೆರಳ ಗೆಣ್ಣು, ಅಂಗೈಯ ಗೆರೆ ಎಲ್ಲವೂ ಕಪ್ಪು. ‘ಕೆಲಸ ಮಾಡುವ ಕೈ, ಕಪ್ಪಾಗದೆ ಇರುತ್ತದೆಯೇ?’ ಎಂದು ಮನೆಯವರೂ ಸುಮ್ಮನಾಗುತ್ತಾರೆ. ಆದರೆ ಆ ಕಪ್ಪು ಬರಿಯ ಕೊಳೆಯಲ್ಲ.

ಡಬ್ಬದಿಂದ ಸುರಿಯುವ ಹೊಸ ಎಂಜಿನ್ ಆಯಿಲ್ ಜೇನಿನ ಬಣ್ಣದ್ದು. ಇಂದಿನ ಆಯಿಲ್‌ಗಳು ಚೆನ್ನಾಗಿ ಶುದ್ಧಿಯಾಗಿ ಬರುವುದರಿಂದ ಅದರ ಅಪಾಯ ಕಡಿಮೆ. ಸಾವಿರಾರು ಕಿಲೋಮೀಟರ್ ಓಡಿದ ಮೇಲೆ ಅದೇ ಆಯಿಲ್‌ಗೆ ಮಸಿ, ಸವೆದ ಲೋಹದ ಪುಡಿ, ಅರೆಬೆಂದ ಇಂಧನ ಸೇರುತ್ತವೆ. ಅದರೊಂದಿಗೆ ಪಾಲಿಸೈಕ್ಲಿಕ್ ಹೈಡ್ರೋಕಾರ್ಬನ್ ಎಂಬ ರಾಸಾಯನಿಕಗಳೂ ಕೂಡಿಕೊಳ್ಳುತ್ತವೆ. ಇವುಗಳಲ್ಲಿ ಕೆಲವು ಕ್ಯಾನ್ಸರ್ ತರಬಲ್ಲವು. ಪೆಟ್ರೋಲ್ ಎಂಜಿನ್ನಿನ ಹಳೆ ಆಯಿಲ್‌ಗೆ ಹೋಲಿಸಿದರೆ ಡೀಸೆಲ್ ಲಾರಿಯದರಲ್ಲಿ ಇವು ಕಡಿಮೆ ಇರುತ್ತವೆ, ಮಸಿ ಹೆಚ್ಚು. ಹಾಗೆಂದು ಅದರಲ್ಲಿ ಕೈ ಅದ್ದಿಕೊಂಡಿರಬಹುದು ಎಂದಲ್ಲ.

ಮಸಿಗೂ ಚರ್ಮದ ಕ್ಯಾನ್ಸರಿಗೂ ಇರುವ ನಂಟನ್ನು ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ 1775ರಲ್ಲೇ ಗುರುತಿಸಿದ್ದ. ಚಿಮಣಿ ಗುಡಿಸುವ ಹುಡುಗರಿಗೆ ಮುಂದೆ ವೃಷಣದ ಚೀಲದ ಮೇಲೆ ಹುಣ್ಣಾಗುತ್ತಿತ್ತು. 1922ರಲ್ಲಿ ಮ್ಯಾಂಚೆಸ್ಟರಿನ ವೈದ್ಯರು ಇದೇ ರೋಗವನ್ನು ಹತ್ತಿ ಗಿರಣಿಯ ನೂಲುಗಾರರಲ್ಲಿ ಕಂಡರು. ಯಂತ್ರಕ್ಕೆ ಹಾಕುವ ಎಣ್ಣೆ ಸಿಡಿದು ಅವರ ಷರಾಯಿ ಸದಾ ನೆನೆದಿರುತ್ತಿತ್ತು. ಸರಿಯಾಗಿ ಶುದ್ಧಿಯಾಗದ ಖನಿಜ ತೈಲಗಳನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲಿ ಇರಿಸಿದೆ. ನಮ್ಮ ಮೆಕ್ಯಾನಿಕ್‌ಗಳು ಆಯಿಲ್ ಒರೆಸಿದ ಬನಿಯನ್ ವೇಸ್ಟ್ ಬಟ್ಟೆಯನ್ನು ಪ್ಯಾಂಟಿನ ಜೇಬಿಗೆ ತುರುಕಿಕೊಳ್ಳುತ್ತಾರಲ್ಲ, ಆ ಅಭ್ಯಾಸ ಮೊದಲು ಹೋಗಬೇಕು. ಜೇಬಿನ ತೆಳು ಬಟ್ಟೆಯ ಮೂಲಕ ಎಣ್ಣೆ ತೊಡೆಸಂದಿಗೆ ಇಳಿಯುತ್ತದೆ.

ಒಂದೆರಡು ಸಲ ಕೈಗೆ ಆಯಿಲ್ ತಗುಲಿದರೆ ಗಾಬರಿ ಬೇಡ. ವರ್ಷಗಟ್ಟಲೆ, ದಿನವೂ ಅಂಟಿಕೊಂಡಿರುವುದರಿಂದಲೇ ಕ್ಯಾನ್ಸರಿನ ಭಯ. ಅದಕ್ಕಿಂತ ಬಹಳ ಹೆಚ್ಚಾಗಿ ಕಾಣುವುದು ಇತರ ಚರ್ಮರೋಗಗಳು. ಎಣ್ಣೆ ರೋಮಕೂಪಗಳನ್ನು ಮುಚ್ಚಿ ಮುಂಗೈ, ತೊಡೆಗಳ ಮೇಲೆ ಕಪ್ಪು ಚುಕ್ಕೆ, ಕೀವಿನ ಗುಳ್ಳೆ ಏಳುತ್ತವೆ. ಚರ್ಮ ಒಣಗಿ, ಬಿರುಕು ಬಿಟ್ಟು, ತುರಿಕೆಯ ಇಸುಬಾಗುತ್ತದೆ. ಇಸುಬಿಗೆ ಹಲವು ಬಾರಿ ಆಯಿಲ್‌ಗಿಂತ ಕೈ ತೊಳೆಯುವ ರೀತಿಯೇ ಕಾರಣ. ಪೆಟ್ರೋಲ್, ಡೀಸೆಲ್, ಥಿನ್ನರ್ ಹಾಕಿ ಉಜ್ಜಿದರೆ ಕಪ್ಪು ಬೇಗ ಹೋಗುವುದು ನಿಜ, ಅದರ ಜೊತೆಗೆ ಚರ್ಮದ ಸ್ವಂತ ಜಿಡ್ಡೂ ಹೋಗುತ್ತದೆ. ಕಾವಲಿಲ್ಲದ ಆ ಚರ್ಮದೊಳಗೆ ಉಳಿದ ವಿಷ ಸುಲಭವಾಗಿ ಇಳಿಯುತ್ತದೆ. ಬಟ್ಟೆ ಸೋಪಿನ ಪುಡಿ, ಮರಳು ಹಾಕಿ ತಿಕ್ಕುವುದೂ ತಪ್ಪು. ಸ್ವಲ್ಪ ಕೊಬ್ಬರಿ ಎಣ್ಣೆಯನ್ನೋ ಅಡುಗೆ ಎಣ್ಣೆಯನ್ನೋ ಕೈಗೆ ಸವರಿ ಬಟ್ಟೆಯಿಂದ ಒರೆಸಿ, ಆಮೇಲೆ ಮೈಸೋಪು, ನೀರಿನಿಂದ ತೊಳೆಯಿರಿ. ಕೈ ಒಣಗಿದ ಮೇಲೆ ವ್ಯಾಸಲೀನ್ ಹಚ್ಚಿ.

ಕೈಗೇ ಅಂಟದಂತೆ ಕೆಲಸ ಮಾಡಲು ಬರುವುದಿಲ್ಲವೇ? ಬರುತ್ತದೆ. ಎಂಜಿನ್ ನಿಂತ ಕೂಡಲೇ ಬೋಲ್ಟ್ ಬಿಚ್ಚುವುದು ದೊಡ್ಡ ತಪ್ಪು. ಆಗ ಆಯಿಲ್ ಕುದಿಯುವ ನೀರಿನಷ್ಟೇ ಬಿಸಿ. ಪೂರ್ತಿ ತಣ್ಣಗಾದರೆ ಗಟ್ಟಿಯಾಗಿ ಇಳಿಯುವುದಿಲ್ಲ. ಆದ್ದರಿಂದ ಬೆಚ್ಚಗಿರುವಾಗಲೇ ಇಳಿಸಬೇಕು. ಲಾರಿಯನ್ನು ಸಮತಟ್ಟಾದ ಕಡೆ ನಿಲ್ಲಿಸಿ, ಚಕ್ರಗಳಿಗೆ ಅಡ್ಡ ಕೊಟ್ಟು, ಕೀಲಿಯನ್ನು ನಿಮ್ಮಲ್ಲೇ ಇಟ್ಟುಕೊಳ್ಳಿ. ಸಾಧಾರಣ ಲಾರಿಯಲ್ಲಿ ಹದಿನೈದು ಇಪ್ಪತ್ತು ಲೀಟರ್ ಆಯಿಲ್ ಇರುತ್ತದೆ, ದೊಡ್ಡ ಗಾಡಿಯಲ್ಲಿ ಇನ್ನೂ ಹೆಚ್ಚು. ಕೈಗೆ ಸಿಕ್ಕ ಬಕೆಟ್ಟು ಸಾಲದು, ಅಷ್ಟೂ ಹಿಡಿಯುವ ಅಗಲವಾದ ಟ್ರೇ ಬೇಕು.

ಮೇಲಿನ ಆಯಿಲ್ ಮುಚ್ಚಳವನ್ನು ಮೊದಲು ತೆಗೆದರೆ ಗಾಳಿಯಾಡಿ ಧಾರೆ ಒಂದೇ ಸಮನೆ ಬರುತ್ತದೆ, ಗುಳುಗುಳು ಎಂದು ಸಿಡಿಯುವುದಿಲ್ಲ. ಕೆಳಗಿನ ಡ್ರೈನ್ ಬೋಲ್ಟನ್ನು ಸ್ಪ್ಯಾನರಿನಿಂದ ಸಡಿಲಿಸಿ, ಕೊನೆಯ ಸುತ್ತುಗಳನ್ನು ಬೋಲ್ಟನ್ನು ಒಳಕ್ಕೆ ಒತ್ತಿ ಹಿಡಿದೇ ಕೈಯಿಂದ ತಿರುಗಿಸಿ, ಥಟ್ಟನೆ ಪಕ್ಕಕ್ಕೆ ಎಳೆದುಕೊಳ್ಳಬೇಕು. ಬೋಲ್ಟ್ ಪಕ್ಕದಲ್ಲಿದ್ದರೆ ಮೊದಲ ಧಾರೆ ದೂರಕ್ಕೆ ಹಾರುತ್ತದೆ. ಟ್ರೇಯನ್ನು ಆ ಅಂದಾಜಿನಲ್ಲಿಟ್ಟು, ಧಾರೆ ಕುಗ್ಗಿದಂತೆ ಹತ್ತಿರ ಸರಿಸಿ. ಫಿಲ್ಟರ್ ಬಿಚ್ಚುವ ಮುನ್ನ ಅದಕ್ಕೊಂದು ದಪ್ಪ ಪ್ಲಾಸ್ಟಿಕ್ ಚೀಲ ತೊಡಿಸಿದರೆ ಸುರಿಯುವ ಆಯಿಲ್ ಮೊಣಕೈವರೆಗೆ ಇಳಿಯದೆ ಚೀಲದಲ್ಲೇ ನಿಲ್ಲುತ್ತದೆ. ಹಳೆಯ ರಬ್ಬರ್ ವಾಷರ್ ಎಂಜಿನ್ನಿಗೇ ಅಂಟಿ ಉಳಿಯುವುದುಂಟು, ನೋಡಿ ತೆಗೆಯಿರಿ. ಇಲ್ಲವಾದರೆ ಹೊಸ ಫಿಲ್ಟರ್ ಹಾಕಿದ ಮೇಲೂ ಸೋರಿ ಮತ್ತೆ ಅದೇ ರಾಡಿ.

ಬಟ್ಟೆಯ ಕೈಗವಸು ಬೇಡ. ಎಣ್ಣೆ ಕುಡಿದು ಅದನ್ನು ಚರ್ಮಕ್ಕೇ ಒತ್ತಿ ಹಿಡಿಯುವುದರಿಂದ ಬರಿಗೈಯೇ ವಾಸಿ. ತೆಳು ರಬ್ಬರಿನದು ಆಯಿಲ್‌ಗೆ ಉಬ್ಬಿ ಹರಿಯುತ್ತದೆ. ನೈಟ್ರೈಲ್ ಗವಸು ಔಷಧಿ ಅಂಗಡಿಯಲ್ಲೇ ಸಿಗುತ್ತದೆ, ಬೆಲೆ ಹೆಚ್ಚೇನಲ್ಲ. ಅದು ಹರಿದರೆ ಬದಲಾಯಿಸಿ. ಬಿಸಿ ಆಯಿಲ್ ಬಿದ್ದು ಸುಟ್ಟರೆ ಇಪ್ಪತ್ತು ನಿಮಿಷ ನಲ್ಲಿ ನೀರಿನ ಕೆಳಗೆ ಹಿಡಿದು ವೈದ್ಯರಿಗೆ ತೋರಿಸಿ. ಟೂತ್‌ಪೇಸ್ಟ್, ಇಂಕು ಹಚ್ಚಬೇಡಿ. ನೆಲಕ್ಕೆ ಚೆಲ್ಲಿದ್ದಕ್ಕೆ ನೀರು ಹೊಯ್ಯದೆ ಮರದ ಹೊಟ್ಟು ಹರಡಿ ಗುಡಿಸಿ.

ಡೀಸೆಲ್ ಫಿಲ್ಟರ್ ಬದಲಿಸುವಾಗ ಕೊಳವೆಗೆ ಬಾಯಿಟ್ಟು ಡೀಸೆಲ್ ಎಳೆಯುವವರಿದ್ದಾರೆ. ಎಳೆಯುವಾಗ ಒಂದು ಗುಟುಕು ಶ್ವಾಸಕೋಶಕ್ಕೆ ಹೋದರೂ ತೀವ್ರ ನ್ಯುಮೋನಿಯಾ ಆಗಬಹುದು. ನುಂಗಿದವರಿಗೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲೇಬಾರದು, ವಾಂತಿಯಲ್ಲಿ ಅದು ಮತ್ತೆ ಶ್ವಾಸಕೋಶಕ್ಕೇ ಇಳಿಯುತ್ತದೆ. ಕೆಮ್ಮು, ಉಬ್ಬಸ ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಸೀಮೆಎಣ್ಣೆ ಕುಡಿದ ಮಕ್ಕಳಿಗೂ ಇದೇ ಮಾತು.

ಇನ್ನು ಮನೆಯ ವಿಷಯ. ಗ್ಯಾರೇಜಿನ ಬಟ್ಟೆಯನ್ನು ಅಲ್ಲೇ ಬಿಚ್ಚಿ ಬರುವುದು ಒಳ್ಳೆಯದು. ಆಗದಿದ್ದರೆ ಮಕ್ಕಳ ಬಟ್ಟೆಯೊಂದಿಗೆ ನೆನೆಹಾಕದೆ ಬೇರೆಯಾಗಿ ಒಗೆಯಿರಿ. ಒಗೆಯುವ ತಾಯಂದಿರ ಕೈಗೂ ಗವಸು ಬೇಕು. ಖಾಲಿ ಆಯಿಲ್ ಡಬ್ಬದಲ್ಲಿ ನೀರು, ಅಡುಗೆ ಎಣ್ಣೆ ತುಂಬಿಡುವ ಮನೆಗಳಿವೆ. ಇದು ಎಷ್ಟು ತೊಳೆದರೂ ಸಲ್ಲದು. 1959ರಲ್ಲಿ ಮೊರಾಕೊ ದೇಶದಲ್ಲಿ ವಿಮಾನದ ಎಂಜಿನ್ ಆಯಿಲ್ ಬೆರೆಸಿದ ಅಡುಗೆ ಎಣ್ಣೆ ತಿಂದು ಸುಮಾರು 10,000 ಜನ ಪಾರ್ಶ್ವವಾಯುವಿಗೆ ತುತ್ತಾದರು. ಹಳೆ ಆಯಿಲನ್ನು ಗಾಯಕ್ಕೆ, ಕಜ್ಜಿ ಹಿಡಿದ ನಾಯಿಗೆ ಹಚ್ಚುವ ನಾಟಿ ಮದ್ದೂ ಬೇಡ.

ಟ್ರೇಯಲ್ಲಿ ಉಳಿದ ಆಯಿಲನ್ನು ಮೋರಿಗೆ ಸುರಿದರೆ? ಪೀಣ್ಯದ ಕೊಳೆ ವೃಷಭಾವತಿಗೆ ಸೇರಿ, ಬಿಡದಿ ಬಳಿಯ ಬೈರಮಂಗಲ ಕೆರೆಗೆ ಹೋಗುತ್ತದೆ. ಆ ನೀರಿನಲ್ಲಿ ಬೆಳೆ ತೆಗೆದ ರೈತರಿದ್ದಾರೆ. ಮುಚ್ಚಳವಿರುವ ಡ್ರಮ್ಮಿನಲ್ಲಿ ತುಂಬಿಟ್ಟು, ಮಾಲಿನ್ಯ ನಿಯಂತ್ರಣ ಮಂಡಳಿಯ ಪರವಾನಗಿ ಇರುವ ಮರುಶುದ್ಧೀಕರಣದವರಿಗೇ ಕೊಡಬೇಕೆಂದು 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳು ಹೇಳುತ್ತವೆ. ಫಿಲ್ಟರನ್ನೂ ಒಂದು ರಾತ್ರಿ ಬೋರಲಾಗಿಟ್ಟು ಸೋಸಿ, ಅದರ ಆಯಿಲನ್ನು ಅದೇ ಡ್ರಮ್ಮಿಗೆ ಹಾಕಿ. ಚಳಿಗೆಂದು ಆಯಿಲ್ ಬಟ್ಟೆ ಸುಟ್ಟು ಬೆಂಕಿ ಕಾಯಿಸಬೇಡಿ.

ಕೈ, ಮುಂಗೈ ಅಥವಾ ವೃಷಣದ ಚೀಲದ ಮೇಲೆ ನರೂಲಿಯಂಥ ಗಂಟು ಬೆಳೆದರೆ, ಮೂರು ನಾಲ್ಕು ವಾರವಾದರೂ ಮಾಯದ ಹುಣ್ಣಿದ್ದರೆ ಚರ್ಮವೈದ್ಯರಿಗೆ ತೋರಿಸಿ. ಕೆಲಸ ಬಿಟ್ಟು ಎಷ್ಟೋ ವರ್ಷಗಳ ಮೇಲೂ ಇದು ಬರಬಹುದು. ಗಂಡಸರು ನಾಚಿಕೆಯಿಂದ ಮುಚ್ಚಿಡುವುದರಿಂದಲೇ ರೋಗ ಬಲಿಯುತ್ತದೆ, ಬೇಗ ಬಂದರೆ ಚಿಕ್ಕ ಶಸ್ತ್ರಚಿಕಿತ್ಸೆಯಲ್ಲಿ ಗುಣವಾಗುತ್ತದೆ. ಗ್ಯಾರೇಜಿನಲ್ಲಿ ಇಷ್ಟು ವರ್ಷ ದುಡಿದೆ ಎಂದು ವೈದ್ಯರಿಗೆ ತಿಳಿಸಲು ಮರೆಯಬೇಡಿ. ಖನಿಜ ತೈಲದಿಂದ ಬರುವ ಚರ್ಮದ ಕ್ಯಾನ್ಸರನ್ನು 1948ರ ಕಾರ್ಖಾನೆಗಳ ಕಾಯ್ದೆಯೇ ಕಸುಬಿನ ರೋಗವೆಂದು ಹೆಸರಿಸಿತ್ತು. ಇ.ಎಸ್.ಐ. ಕಾರ್ಡ್ ಇರುವವರು ಪೀಣ್ಯ, ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆಗಳಿಗೆ ಹೋಗಬಹುದು. ನಾಲ್ಕೈದು ಜನರ ಸಣ್ಣ ಗ್ಯಾರೇಜಿನವರಿಗೆ ಸಾಮಾನ್ಯವಾಗಿ ಆ ಕಾರ್ಡ್ ಇರುವುದಿಲ್ಲ. ಅವರಿಗೆ ಸರ್ಕಾರಿ ಆಸ್ಪತ್ರೆಯ ಚರ್ಮ ವಿಭಾಗದಲ್ಲಿ ತಪಾಸಣೆ ಸಿಗುತ್ತದೆ.