ಲಾಳ ಕಟ್ಟೋರು ಎಲ್ಲಿ ಸ್ವಾಮಿ?

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ. ಈ ನಾಲ್ಕು ತಾಲ್ಲೂಕಿನ ಯಾವ ರೈತನನ್ನಾದರೂ ನಿಲ್ಲಿಸಿ, ಟ್ರ್ಯಾಕ್ಟರ್ ಎಲ್ಲಿ ರಿಪೇರಿ ಮಾಡಿಸ್ತೀಯಪ್ಪಾ ಎಂದು ಕೇಳಿ. ಥಟ್ಟನೆ ನಾಲ್ಕು ಗ್ಯಾರೇಜು ತೋರಿಸುತ್ತಾನೆ. ಎತ್ತಿಗೆ ಲಾಳ ಎಲ್ಲಿ ಕಟ್ಟಿಸ್ತೀಯ ಎಂದರೆ ತಲೆ ಕೆರೆದುಕೊಳ್ಳುತ್ತಾನೆ. ಜಾತ್ರೆ ಬರಲಿ, ಆವಾಗ ನೋಡಾನ ಎನ್ನುವುದೇ ಉತ್ತರ. ಕಳಚಿದ ಲಾಳ ಜಾತ್ರೆವರೆಗೆ ಕಾಯುತ್ತದೆಯೇ?

ಟಾರು ರಸ್ತೆಯಲ್ಲಿ ಲಾಳವಿಲ್ಲದ ಎತ್ತು ಗಾಡಿ ಎಳೆದರೆ ಗೊರಸು ಅರದಿಂದ ಉಜ್ಜಿದ ಹಾಗೆ ಸವೆಯುತ್ತದೆ. ಮೇಲೆ ಬೀಳುವ ಬಿಸಿಲು, ಕೆಳಗೆ ಕಾಯುವ ಟಾರು. ಪಾವಗಡ, ಮಧುಗಿರಿ ಕಡೆಯ ಕಲ್ಲುನೆಲದ ಮಾತಂತೂ ಬೇಡ. ಮೂರು ದಿನ ಕುಂಟಿದ ಎತ್ತು ನಾಲ್ಕನೇ ದಿನ ಏಳುವುದಿಲ್ಲ. ಇನ್ನು ಜಾತ್ರೆಯಲ್ಲಿ ವ್ಯಾಪಾರಿ ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ಆಮೇಲೆ ನಡೆಸಿ ನೋಡುತ್ತಾನೆ. ಹೆಜ್ಜೆ ತಪ್ಪಿತೋ, ಟವೆಲ್ ಕೆಳಗಿನ ಬೆರಳು ಒಂದೊಂದೇ ಮಡಚಿಕೊಳ್ಳುತ್ತದೆ. ವರ್ಷದ ಸಾಲ ತೀರಿಸಬೇಕಾದ ಜೋಡಿ ಅರ್ಧ ಬೆಲೆಗೆ ಹೋಗುತ್ತದೆ.

ಕುದುರೆಗೆ ಕಾಲಿಗೊಂದು ಲಾಳ. ಎತ್ತಿನದು ಸೀಳು ಗೊರಸು. ಕಾಲಿಗೆ ಎರಡು, ಎತ್ತಿಗೆ 8, ಜೋಡಿಗೆ 16. ಕುದುರೆಯಾದರೆ ನಿಂತೇ ಕಾಲು ಕೊಡುತ್ತದೆ. ಎತ್ತನ್ನು ಹಗ್ಗ ಹಾಕಿ ಕೆಡವಬೇಕು, ನಾಲ್ಕೂ ಕಾಲು ಸೇರಿಸಿ ಕಟ್ಟಬೇಕು, ಒಬ್ಬ ತಲೆ ಒತ್ತಿ ಹಿಡಿಯಬೇಕು. ಆಮೇಲೆ ಬೆಳೆದ ಗೊರಸನ್ನು ಉಳಿಯಿಂದ ಹೆರೆದು ಸಮ ಮಾಡಿ ಮೊಳೆ ಹೊಡೆಯುವುದು. ಎತ್ತಿನ ಗೊರಸಿನ ಗೋಡೆ ಕುದುರೆಯದಕ್ಕಿಂತ ತೆಳು. ಕೂದಲೆಳೆಯಷ್ಟು ಒಳಗೆ ಸರಿದರೂ ಮೊಳೆ ಜೀವಕ್ಕೆ ತಾಗುತ್ತದೆ. ಇದೆಲ್ಲ ತಂದೆಯ ಪಕ್ಕ ಕೂತು ಮಗ ಕಲಿತ ಕೈಚಳಕ. ಈಗ ಎತ್ತೇ ಕಡಿಮೆ, ಮಗನಿಗೆ ಬೆಂಗಳೂರು ಬಸ್ಸು ಹತ್ತಿರ. 2022ರಲ್ಲಿ ಚರ್ಮಗಂಟು ರೋಗ ಬಂದು ದನದ ಜಾತ್ರೆಗಳನ್ನೇ ನಿಲ್ಲಿಸಿದಾಗ, ಜಾತ್ರೆಯನ್ನೇ ನಂಬಿದ್ದ ಲಾಳದವರ ಗತಿ ಏನಾಯಿತೆಂದು ಯಾವ ಕಚೇರಿಯೂ ಕೇಳಿದಂತಿಲ್ಲ.

ಲಾಳಕ್ಕೆ ಹೆಸರಾಗಬೇಕಾದ ಸೀಮೆ ಇದು! ಶಿರಾ 1687ರಿಂದ ಮೊಗಲರ ಸುಬೆಯ ರಾಜಧಾನಿ. 1761ರಲ್ಲಿ ಹೈದರಾಲಿ ಕೈಸೇರಿತು. ದಂಡು ಎಂದ ಮೇಲೆ ಕುದುರೆ, ಕುದುರೆ ಎಂದ ಮೇಲೆ ಲಾಳ. ಇದೇ ಜಿಲ್ಲೆಯ ಕುಣಿಗಲ್ ಫಾರಂ ಟಿಪ್ಪು ಕಾಲದಿಂದ ಕುದುರೆಗೆ ಹೆಸರುವಾಸಿ. ಫಿರಂಗಿ ಎಳೆದ ಅಮೃತಮಹಲ್, ಉಳುವ ಹಳ್ಳಿಕಾರ್ ಎರಡೂ ನಮ್ಮವೇ.

ಜಟಕಾ ಹೋದರೂ ಮದುವೆ ಮೆರವಣಿಗೆಗೆ ಕುದುರೆ ಸಾಕಿದವರಿದ್ದಾರೆ. ಅವರಿಗೊಂದು ಮಾತು. ಕುದುರೆ ಗೊರಸು ತಿಂಗಳಿಗೆ ಸುಮಾರು 6ರಿಂದ 9 ಮಿಲಿಮೀಟರ್ ಬೆಳೆಯುತ್ತದೆ. ಲಾಳ ಸವೆಯದಿದ್ದರೂ ಆರೇಳು ವಾರಕ್ಕೊಮ್ಮೆ ಬಿಚ್ಚಿ, ಗೊರಸು ಕತ್ತರಿಸಿ ಮತ್ತೆ ಕಟ್ಟಿಸಬೇಕು. ದುಡ್ಡು ಉಳಿಯಿತೆಂದು ಮೂರು ತಿಂಗಳು ಬಿಟ್ಟರೆ ಲಾಳ ಜಾರಿ, ಬೀಳುವಾಗ ಗೊರಸಿನ ಚೂರನ್ನೂ ಕಿತ್ತುಕೊಂಡು ಬೀಳುತ್ತದೆ. ಅರ್ಧ ಕಳಚಿದ್ದರೆ ನಡೆಸಬೇಡಿ. ಬಾಗಿದ ಮೊಳೆ ಅಂಗಾಲಿಗೇ ಹೊಕ್ಕೀತು. ಹುಷಾರಾಗಿ ಪೂರ್ತಿ ತೆಗೆಸಿ, ಬಟ್ಟೆ ಸುತ್ತಿ, ಮೆತ್ತನೆ ನೆಲದಲ್ಲಿ ನಿಲ್ಲಿಸಿ. ಮೊಳೆ ಚುಚ್ಚಿದ್ದರೆ ಅರಿಶಿನ ಮೆತ್ತಿ ಸುಮ್ಮನಾಗುವುದು ಸಾಲದು. ಧನುರ್ವಾಯು ಕುದುರೆಗೆ ಬಲು ಬೇಗ ತಗಲುತ್ತದೆ, ತಗಲಿದರೆ ಉಳಿಯುವುದು ಕಷ್ಟ. ಡಾಕ್ಟರಿಗೆ ತೋರಿಸಿ ಇಂಜೆಕ್ಷನ್ ಹಾಕಿಸಲೇಬೇಕು.

ಮಳೆಗಾಲದಲ್ಲಿ ಲಾಳ ಹೆಚ್ಚು ಬೀಳುವುದೇಕೆ? ಕೆಸರಲ್ಲಿ ನೆನೆದ ಗೊರಸು ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಹೀಗೇ ಆಗಿ ಆಗಿ ಮೊಳೆ ಸಡಿಲ. ಗಂಜಲದ ಮೇಲೆ ನಿಲ್ಲಿಸಿದರಂತೂ ಮುಗಿಯಿತು, ಕುದುರೆ ಪಾದದ ನಡುವಿನ ಮೆತ್ತನೆ ಭಾಗ ಕಪ್ಪಾಗಿ ಕೊಳೆತು ನಾರುತ್ತದೆ. ದಿನಾ ಕಾಲೆತ್ತಿ ಕಲ್ಲು, ಸಗಣಿ ಕೆದಕಿ ತೆಗೆಯುವುದಕ್ಕೆ ಕಾಸೇನೂ ಖರ್ಚಿಲ್ಲ. ಎತ್ತು ಕುಂಟಿದರೆ ಎಲ್ಲಕ್ಕೂ ಲಾಳವನ್ನೇ ದೂರಬೇಡಿ. ಗೊರಸಿನ ಸಂದಿಯಲ್ಲಿ ಹುಣ್ಣು, ಬಾಯಲ್ಲಿ ಜೊಲ್ಲು ಕಂಡರೆ ಅದು ಕಾಲುಬಾಯಿ ಜ್ವರ. ಲಸಿಕೆ ಆರು ತಿಂಗಳಿಗೊಮ್ಮೆ ಸರ್ಕಾರವೇ ಹಾಕಿಸುತ್ತದೆ. 1962ಕ್ಕೆ ಫೋನ್ ಮಾಡಿದರೆ ಪಶು ಆಂಬುಲೆನ್ಸ್ ಊರಿಗೆ ಬರಬೇಕು.

ಆಂಬುಲೆನ್ಸ್ ಬರುತ್ತದೆ ಸರಿ, ಲಾಳ ಕಟ್ಟುವವರು ಯಾರು? ಆ ಗಾಡಿಯಲ್ಲಿ ಔಷಧಿ ಉಂಟು, ಉಳಿ ಸುತ್ತಿಗೆ ಹಿಡಿದವನಿಲ್ಲ. ಹಿರೇಹಳ್ಳಿ, ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರಗಳು ತಾಲ್ಲೂಕಿಗೆ ಇಬ್ಬರಂತೆ ಎಂಟು ಹುಡುಗರನ್ನು ಆರಿಸಿ, ಇನ್ನೂ ಉಳಿದಿರುವ ಹಳಬರಿಗೆ ಸಂಬಳ ಕೊಟ್ಟು ಗುರುಗಳನ್ನಾಗಿ ಕೂರಿಸಿದರೆ ಬೊಕ್ಕಸವೇನೂ ಬರಿದಾಗುವುದಿಲ್ಲ. ರಥಸಪ್ತಮಿಗೆ ಕೊರಟಗೆರೆ ತಾಲ್ಲೂಕಿನ ಕ್ಯಾಮೇನಹಳ್ಳಿ ಜಾತ್ರೆ. ಅಲ್ಲಿಗೆ ದೂರದಿಂದ ಸಾಮಾನು ಹೊತ್ತು ಬರುವ ಲಾಳದವರಿಗೆ ಒಂದು ಚಪ್ಪರ, ಒಂದು ನೀರಿನ ತೊಟ್ಟಿ, ಪಕ್ಕದಲ್ಲೇ ಇಂಜೆಕ್ಷನ್ ಹಿಡಿದ ಒಬ್ಬ ಡಾಕ್ಟರು. ಇಷ್ಟನ್ನು ಈ ಸಲವೇ ಮಾಡಬಹುದು. ಸಂಬಂಧಪಟ್ಟವರು ಜಾತ್ರೆಗೆ ಮುಂಚೆ ಒಮ್ಮೆ ಸೇರಿ ತೀರ್ಮಾನಿಸಲಿ.