ಮಾವಿನ ಹೂವಿಗೆ ಬರೋ ಅತಿಥಿ ಯಾರು? ಮೊಬೈಲ್ ಕ್ಯಾಮೆರಾ ಹೇಳತೈತಿ

ಅಕ್ಕಿಆಲೂರು: ಡಿಸೆಂಬರ್ ಮುಗಿಯುತ್ತಿದ್ದಂತೆ ಹಾನಗಲ್ಲ ತಾಲೂಕಿನ ಮಾವಿನ ತೋಟಗಳಲ್ಲಿ ಹೂವಿನ ಗೊಂಚಲು ಕಾಣಿಸತೊಡಗುತ್ತವೆ. ಈ ವೇಳೆ ರೈತರ ಕಣ್ಣೆಲ್ಲ ಜಿಗಿಹುಳು, ಬೂದಿರೋಗದ ಮೇಲೆ. ಅದೇ ಹೂವಿನ ಮೇಲೆ ಕೂತು ಕಾಯಿ ಕಟ್ಟಿಸುವ ನೊಣ, ಜೇನು, ಚಿಟ್ಟೆಗಳನ್ನು ಗಮನಿಸುವವರು ಕಡಿಮೆ. ಗಮನಿಸಲು ದುಬಾರಿ ಕ್ಯಾಮೆರಾ ಬೇಕಿಲ್ಲ, ಕಿಸೆಯಲ್ಲಿರುವ ಮೊಬೈಲೇ ಸಾಕು.

ನೊಣ ಅಂದ್ರ ಮೂಗು ಮುರೀಬ್ಯಾಡ್ರಿ

ಮಾವಿನ ಒಂದು ಗೊಂಚಲಿನಲ್ಲಿ ನೂರಾರು, ಕೆಲವೊಮ್ಮೆ ಸಾವಿರಾರು ಹೂಗಳಿರುತ್ತವೆ. ಅವುಗಳಲ್ಲಿ ಬರೀ ಗಂಡು ಹೂಗಳೂ ಇರುತ್ತವೆ, ಎರಡೂ ಅಂಗ ಇರುವ ದ್ವಿಲಿಂಗಿ ಹೂಗಳೂ ಇರುತ್ತವೆ. ಕಾಯಿ ಕಟ್ಟುವುದು ದ್ವಿಲಿಂಗಿ ಹೂವು ಮಾತ್ರ, ಅದಕ್ಕೆ ಪರಾಗ ತಲುಪಬೇಕು. ಗೋವಿನಜೋಳದ ಪರಾಗವನ್ನು ಗಾಳಿಯೇ ಒಯ್ಯುತ್ತದೆ. ಮಾವಿನ ಪರಾಗ ಅಂಟಂಟು, ಅದನ್ನು ಹೊರುವುದು ಹೆಚ್ಚಾಗಿ ಕೀಟಗಳೇ.

ಜಿಲ್ಲೆಯ ಬೀಜೋತ್ಪಾದನೆ ಪ್ಲಾಟುಗಳಲ್ಲಿ ಹೆಣ್ಣುಮಕ್ಕಳು ಕೈಯಿಂದ ‘ಕ್ರಾಸಿಂಗ್’ ಮಾಡುವುದು ಎಲ್ಲರಿಗೂ ಗೊತ್ತು. ಅಲ್ಲಿ ಕೂಲಿ ಕೊಟ್ಟು ಮಾಡಿಸುವ ಪರಾಗಸ್ಪರ್ಶದ ಕೆಲಸವನ್ನೇ ಮಾವಿನ ಗಿಡದಾಗ ಹುಳಗಳು ಪುಕ್ಕಟೆ ಮಾಡ್ತಾವ.

ಜೇನಿನಂತೆ ಹಳದಿ-ಕಪ್ಪು ಪಟ್ಟೆ ಇದ್ದು, ಗಾಳಿಯಲ್ಲಿ ಒಂದೇ ಕಡೆ ನಿಂತಂತೆ ಹಾರುವ ಕೀಟ ಕಂಡರೆ ಅದು ಬಹುಶಃ ಹೋವರ್‌ಫ್ಲೈ ಎಂಬ ಹೂನೊಣ. ಅದು ಕಚ್ಚುವುದಿಲ್ಲ. ಫೋಟೊ ದೊಡ್ಡದು ಮಾಡಿ ನೋಡಿ: ನೊಣಕ್ಕೆ ಎರಡೇ ರೆಕ್ಕೆ, ಜೇನಿಗೆ ನಾಲ್ಕು. ನೊಣದ ಕಣ್ಣು ದೊಡ್ಡದು, ಮೀಸೆ ಗಿಡ್ಡ. ಹೆಜ್ಜೇನು, ತುಡುವೆ, ಕೋಲುಜೇನುಗಳ ಹಿಂಗಾಲಿನಲ್ಲಿ ಪರಾಗದ ಉಂಡೆ ಇದ್ದರೆ ಅದೂ ಫೋಟೊದಲ್ಲಿ ಸಿಗುತ್ತದೆ.

ಫೋಟೊ ತೆಗೆಯೋದು ಹ್ಯಾಂಗ?

ಚಿಟ್ಟೆಗೆ ಬೆಳಗಿನ ಎಳೆ ಬಿಸಿಲು ಹೊತ್ತು ಒಳ್ಳೆಯದು. ತಂಪಾದ ಮೈ ಕಾಯಿಸಿಕೊಳ್ಳಲು ಅದು ಬಿಸಿಲಿಗೆ ಕೂತಿರುತ್ತದೆ, ತಟ್ಟನೆ ಹಾರುವುದಿಲ್ಲ. ನಿಧಾನಕ್ಕೆ, ಬಗ್ಗಿಕೊಂಡು ಹತ್ತಿರ ಹೋಗಿ. ನಿಮ್ಮ ನೆರಳು ಅದರ ಮೇಲೆ ಬಿದ್ದರೆ ಹಾರಿಹೋಗುತ್ತದೆ. ಮೊದಲು ದೂರದಿಂದಲೇ ಒಂದು ಫೋಟೊ ತೆಗೆದಿಟ್ಟು, ಆಮೇಲೆ ಒಂದೊಂದೇ ಹೆಜ್ಜೆ ಮುಂದಿಡಿ. ರೆಕ್ಕೆಯ ಒಳಬದಿ, ಹೊರಬದಿ ಎರಡೂ ಸಿಕ್ಕರೆ ಗುರುತು ಹಿಡಿಯುವುದು ಸುಲಭ. ಫೋಕಸ್ ಕಣ್ಣಿನ ಮೇಲಿರಲಿ. ಅಲುಗಾಡುವ ಹುಳಕ್ಕೆ ಒಂದರ ಹಿಂದೊಂದು ಹತ್ತಾರು ಫೋಟೊ ತೆಗೆದು ಚೆನ್ನಾಗಿರುವುದನ್ನು ಉಳಿಸಿಕೊಳ್ಳಿ.

ಎಲ್ಲಿ ಹುಡುಕಬೇಕು ಎನ್ನುವವರಿಗೆ ಊರ ಸುತ್ತಲೇ ಜಾಗ ಬೇಕಾದಷ್ಟಿವೆ. ಎಕ್ಕೆ ಗಿಡದಲ್ಲಿ ಪ್ಲೇನ್ ಟೈಗರ್ ಚಿಟ್ಟೆ ಮೊಟ್ಟೆ ಇಡುತ್ತದೆ. ಹಿತ್ತಲಿನ ನಿಂಬೆ, ಕರಿಬೇವು ಲೈಮ್ ಬಟರ್‌ಫ್ಲೈ ಮರಿಗಳ ಊಟ. ಕೆರೆ ದಂಡೆ, ಕಾಲುವೆ ಬದಿಯ ಹಸಿ ಮಣ್ಣಿನ ಮೇಲೆ ಗುಂಪಾಗಿ ಕೂತ ಚಿಟ್ಟೆಗಳು ಉಪ್ಪಿನಂಶ ಹೀರುತ್ತಿರುತ್ತವೆ, ಅವು ಹೆಚ್ಚಾಗಿ ಗಂಡುಗಳು.

ಇವನ್ನ ಮಾಡಬ್ಯಾಡ್ರಿ

ಚಿಟ್ಟೆಯನ್ನು ಕೈಯಲ್ಲಿ ಹಿಡಿದರೆ ರೆಕ್ಕೆಯ ಬಣ್ಣದ ಹುಡಿ ಉದುರುತ್ತದೆ. ಫೋಟೊ ಸಲುವಾಗಿ ಫ್ರಿಜ್ಜಿನಲ್ಲಿಟ್ಟು ಮಂಕು ಮಾಡುವುದು, ಅಡ್ಡ ಬಂದ ಟೊಂಗೆ ಮುರಿಯುವುದು ಬೇಡ. ಹಲವು ಚಿಟ್ಟೆಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಜೇನುಗೂಡಿನ ಹತ್ತಿರ ಮಾತ್ರ ಹೋಗಲೇಬೇಡಿ, ಹೂವಿಗೆ ಬಂದ ಜೇನಿನ ಫೋಟೊ ಸಾಕು.

ಫೋಟೊದಿಂದ ರೈತನಿಗೇನು ಲಾಭ?

ಹೂ ಅರಳಿದ ದಿನಗಳಲ್ಲಿ ಒಂದೇ ಗೊಂಚಲಿನ ಮುಂದೆ ಹತ್ತು ನಿಮಿಷ ನಿಂತು, ಬಂದ ಹುಳಗಳನ್ನೆಲ್ಲ ಫೋಟೊ ತೆಗೆದು ಎಣಿಸಿ. ಮರುವರ್ಷವೂ ಅದೇ ಗಿಡ, ಅದೇ ಹೊತ್ತು. ಎರಡು-ಮೂರು ವರ್ಷದ ಲೆಕ್ಕ ಪಕ್ಕಪಕ್ಕ ಇಟ್ಟರೆ ತೋಟಕ್ಕೆ ಬರುವ ಹುಳ ಹೆಚ್ಚಿದೆಯೋ, ಇಳಿದಿದೆಯೋ ಅಂದಾಜು ಸಿಗುತ್ತದೆ. ಹೂ ಪೂರ್ತಿ ಅರಳಿದಾಗ ಹೊಡೆದ ಕೀಟನಾಶಕಕ್ಕೆ ಜಿಗಿಹುಳ ಯಾವುದು, ಜೇನು ಯಾವುದು ಗೊತ್ತಾಗುವುದಿಲ್ಲ, ಎರಡೂ ಸಾಯುತ್ತವೆ. ಹಾಗಾಗಿ ಔಷಧಿ ಬೇಕೇ ಬೇಕು ಅಂದ್ರ ಹೂ ಅರಳುವ ಮೊದಲು ಅಥವಾ ಕಾಯಿ ಕಟ್ಟಿದ ಮೇಲೆ, ತೋಟಗಾರಿಕೆ ಇಲಾಖೆಯವರನ್ನು ಕೇಳಿ ಹೊಡೆಯುವುದು ಒಳಿತು.

ತೆಗೆದ ಫೋಟೊವನ್ನು ದಿನಾಂಕ, ಸ್ಥಳದ ಸಮೇತ ಐನ್ಯಾಚುರಲಿಸ್ಟ್ ಆ್ಯಪ್‌ಗೆ ಹಾಕಿದರೆ ಬಲ್ಲವರು ಹೆಸರು ಹೇಳುತ್ತಾರೆ. ದೇಶದಲ್ಲಿ 2020ರಿಂದ ಸೆಪ್ಟೆಂಬರ್ ತಿಂಗಳನ್ನು ಚಿಟ್ಟೆಗಳ ಮಾಸವಾಗಿ ಆಚರಿಸಲಾಗುತ್ತಿದೆ. ಮಳೆಗಾಲದ ಕೊನೆಯ ಆ ದಿನಗಳಲ್ಲಿ ಶಾಲೆ ಮಕ್ಕಳಿಂದ ಎಣಿಕೆ ಶುರು ಮಾಡಿದರೆ, ಮಾವು ಹೂ ಬಿಡುವ ಹೊತ್ತಿಗೆ ಮಕ್ಕಳ ಕಣ್ಣು ಪಳಗಿರುತ್ತದೆ.